ಹಳ್ಳದ ನೀರು ಮತ್ತು ಮಾಂಸದಂಗಡಿಯ ಪರವಾನಗಿ

(ಬಳಗದ ಬೇಸಿಗೆ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಾಂಸ ತಿನ್ನುವುದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಲ್ಲಿ ನಿಂತಿಲ್ಲ. ನಮ್ಮ ಸೀಮೆಯಲ್ಲಿ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ಹಳ್ಳದ ನೀರನ್ನು ಇಬ್ಬರೂ ಕುಡಿಯುತ್ತಾರೆ. ಪ್ರಾಣಿಯನ್ನು ಕೊಯ್ದ ಬಳಿಕ ಉಳಿಯುವ ರಕ್ತ, ಕರುಳು, ಪುಕ್ಕಗಳು ಎಲ್ಲಿಗೆ ಹೋಗುತ್ತಿವೆ, ಕಾನೂನು ಅದನ್ನು ಹೇಗೆ ನೋಡುತ್ತದೆ ಎಂಬುದಷ್ಟೇ ಇಂದಿನ ವಿಷಯ.

ರಕ್ತದಿಂದ ಆರಂಭಿಸೋಣ. ನೀರಿಗೆ ಬಿದ್ದ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸುವಾಗ ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಆ ಬೇಡಿಕೆಯ ಅಳತೆಗೆ ಬಿ.ಓ.ಡಿ. ಎಂದು ಹೆಸರು. ಊರ ಚರಂಡಿಯ ಕೊಳಚೆ ನೀರಿನಲ್ಲಿ ಇದು ಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ. ಪ್ರಾಣಿಯ ರಕ್ತದಲ್ಲಿಯಾದರೋ ಒಂದೂವರೆ ಲಕ್ಷ ಮಿಲಿಗ್ರಾಂ ಮುಟ್ಟುತ್ತದೆ. ಒಂದು ಕೊಡ ರಕ್ತ ಹಳ್ಳಕ್ಕೆ ಬಿದ್ದರೆ ಐನೂರು ಕೊಡ ಕೊಳಚೆ ಬಿದ್ದಂತೆ. ಮಳೆಗಾಲದ ಹೊಳೆ ಅದನ್ನು ಹೊತ್ತೊಯ್ಯಬಹುದು. ಏಪ್ರಿಲ್ ತಿಂಗಳಲ್ಲಿ ಪಾದ ಮುಳುಗುವಷ್ಟೇ ಹರಿಯುವ ಹಳ್ಳದಲ್ಲಿ ಮೀನು ಸತ್ತು ತೇಲುತ್ತದೆ.

ಕಾನೂನುಗಳಿಗೆ ಕೊರತೆಯಿಲ್ಲ. 1974ರ ಜಲ ಕಾಯ್ದೆ, 2001ರ ಕಸಾಯಿಖಾನೆ ನಿಯಮಗಳು, 2006ರ ಆಹಾರ ಸುರಕ್ಷತೆ ಕಾಯ್ದೆ, ಹೀಗೆ ಒಂದರ ಮೇಲೊಂದು ಬಂದಿವೆ. 2001ರ ನಿಯಮದ ಪ್ರಕಾರ ಒಬ್ಬ ಪಶುವೈದ್ಯರು ಗಂಟೆಗೆ 12, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ಪರೀಕ್ಷಿಸಕೂಡದು. ಒಳ್ಳೆಯ ನಿಯಮವೇ ಸರಿ. ಆದರೆ ಕರು ಹಾಕಲಾರದ ಹಸುವಿಗೆ ಡಾಕ್ಟರನ್ನು ಕರೆತರಲು ನಾವೇ ಪಡುವ ಪಾಡು ನಿಮಗೆ ಗೊತ್ತಿದೆ. ಕಸಾಯಿಖಾನೆಯ ಬಾಗಿಲಲ್ಲಿ ಅವರು ದಿನವೂ ನಿಲ್ಲುವುದೆಂತು?

ಕೊಳಚೆಯ ಮಾನಕದ ಕಥೆಯೂ ಹಾಗೆಯೇ. ಮೊದಲು ದಿನಕ್ಕೆ 70 ಟನ್‌ಗಿಂತ ಹೆಚ್ಚು ತೂಕದ ಪ್ರಾಣಿಗಳನ್ನು ಕೊಯ್ಯುವ ಕಸಾಯಿಖಾನೆಗೆ ಬಿ.ಓ.ಡಿ. ಮಿತಿ 100 ಇತ್ತು, ಅದಕ್ಕಿಂತ ಚಿಕ್ಕದಕ್ಕೆ 500. ಬೆಟ್ಟದ ಪೇಟೆಗಳಿಗೆ ಸಡಿಲ ಮಿತಿಯೇ ಅನ್ವಯಿಸುತ್ತಿತ್ತು. 2016ರ ಪರಿಷ್ಕರಣೆ ಈ ಮಿತಿಯನ್ನು 30ಕ್ಕೆ ಇಳಿಸಿತು. ಶುದ್ಧೀಕರಣ ಘಟಕವೇ ಇಲ್ಲದ ಕಡೆ 500 ಆದರೇನು, 30 ಆದರೇನು?

ಇನ್ನೂ ದೊಡ್ಡ ತೊಡಕು ಬೇರೆ ಕಡೆ ಇದೆ. ಆಹಾರ ಸುರಕ್ಷತೆಯ 2011ರ ನಿಯಮಾವಳಿಯು ದಿನಕ್ಕೆ 2 ದೊಡ್ಡ ಪ್ರಾಣಿ, 10 ಚಿಕ್ಕ ಪ್ರಾಣಿ ಅಥವಾ 50 ಕೋಳಿಯವರೆಗೆ ಕೊಯ್ಯುವವರಿಗೆ ಬರಿಯ ನೋಂದಣಿ ಸಾಕೆಂದಿತು. ಬಡ ವ್ಯಾಪಾರಿಯ ದೃಷ್ಟಿಯಿಂದ ಅದು ನ್ಯಾಯವೇ. ಆದರೆ ಒಂದೇ ಪೇಟೆಯಲ್ಲಿ ಅಂತಹ ಹತ್ತು ಅಂಗಡಿಗಳಿದ್ದರೆ? ದಿನಕ್ಕೆ 500 ಕೋಳಿ. ಒಂದೊಂದು ಎರಡು ಕಿಲೋ ತೂಗಿದರೂ, ಅದರಲ್ಲಿ ಕಾಲು ಭಾಗ ತ್ಯಾಜ್ಯವೆಂದರೂ, 250 ಕಿಲೋ. ಕಾಗದದಲ್ಲಿ ಪ್ರತಿಯೊಂದು ಅಂಗಡಿಯೂ ಚಿಕ್ಕದು. ಹತ್ತು ಅಂಗಡಿಗಳ ಹೊಲಸನ್ನು ಕೂಡಿಸಿ ನೋಡುವ ಅಧಿಕಾರಿ ಯಾರೆಂದರೆ ಉತ್ತರವಿಲ್ಲ. ಕೊನೆಗೆ ಅದು ಪ್ಲಾಸ್ಟಿಕ್ ಚೀಲ ಸೇರಿ ಇರುಳಿನಲ್ಲಿ ಘಾಟಿಯ ತಿರುವಿನಿಂದ ಕೆಳಗೆ ಬೀಳುತ್ತದೆ. ಚೀಲ ಎಳೆಯಲು ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ.

ಅಂಗಡಿಯವನನ್ನು ಬೈದು ಫಲವಿಲ್ಲ. ಹಾಕಲು ಜಾಗವನ್ನೇ ತೋರಿಸದೆ ಅವನಿಗೆ ದಂಡ ವಿಧಿಸಿದರೆ, ಕೊಯ್ಯುವ ಕೆಲಸ ಹಿತ್ತಿಲಿಗೆ ಸರಿಯುತ್ತದೆ, ಅಷ್ಟೆ. ಕೇರಳದಲ್ಲಿ ಕೋಳಿ ತ್ಯಾಜ್ಯವನ್ನು ಅಂಗಡಿಗಳಿಂದ ಸಂಗ್ರಹಿಸಿ, ಬೇಯಿಸಿ, ಒಣಗಿಸಿ ಹುಡಿ ಮಾಡುವ ರೆಂಡರಿಂಗ್ ಘಟಕಗಳು ನಡೆಯುತ್ತಿವೆ. ನಾಲ್ಕಾರು ಪಂಚಾಯಿತಿಗಳು ಕೂಡಿದರೆ ನಮ್ಮಲ್ಲಿಯೂ ಅದು ಸಾಧ್ಯ. ಘಟಕದ ವಾಸನೆಗೆ ಹೆದರಿ ಪ್ರತಿ ಊರೂ ಪಕ್ಕದೂರಿನತ್ತ ಕೈ ತೋರಿಸೀತೆಂಬ ಭಯ ಮಾತ್ರ ನನಗಿದೆ.

ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಪೇಟೆಯ ಅಂಗಡಿಗಳನ್ನೂ, ದಿನಕ್ಕೆ ಕೊಯ್ಯುವ ಕೋಳಿಗಳನ್ನೂ ಎಣಿಸಿ ಬರೆದಿಡಲಿ. ಊರ ಕಸಾಯಿಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವಿದೆಯೇ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಕೊಟ್ಟು ಕೇಳಬಹುದು. ಆ ಎರಡು ಕಾಗದಗಳನ್ನು ಹಿಡಿದು ಮುಂದಿನ ಗ್ರಾಮಸಭೆಗೆ ಹೋಗೋಣ, ಅಂಗಡಿಯವರನ್ನೂ ಕರೆಯೋಣ.