ಪರಊರ ಮಕ್ಕಳಿಗೂ ಚಪ್ಪಾಳೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಅಮೆರಿಕದಲ್ಲಿ ಇದ್ದು ಬಂದವನು ಎಂದು ನನ್ನನ್ನು ಮಾತಿಗೆ ಕರೆದಿದ್ದೀರಿ. ಅಲ್ಲಿಯ ರಸ್ತೆ, ಕಟ್ಟಡಗಳನ್ನು ಮಕ್ಕಳು ಈಗ ಮೊಬೈಲಿನಲ್ಲೇ ನೋಡುತ್ತಾರೆ, ನಾನು ವರ್ಣಿಸಬೇಕಾಗಿಲ್ಲ. ಮುಂದಿನ ವರ್ಷದ ಹೋಬಳಿ ಮಟ್ಟದ ಕ್ರೀಡಾಕೂಟವನ್ನು ನಮ್ಮ ಶಾಲೆ ನಡೆಸಿಕೊಡಬೇಕೋ ಬೇಡವೋ ಎಂಬ ಚರ್ಚೆ ನಿನ್ನೆ ಊಟದ ಪಂಕ್ತಿಯಲ್ಲಿ ನನ್ನ ಕಿವಿಗೂ ಬಿತ್ತು. "ನಮ್ಮದು ಸಣ್ಣ ಊರು, ನಮ್ಮಿಂದ ಆಗುತ್ತದೆಯೇ?" ಎಂದು ಕೆಲವರು ಕೇಳುತ್ತಿದ್ದರು. ಆದ್ದರಿಂದ ನಾನು ಏಳು ವರ್ಷ ಇದ್ದ ಒಂದು ಊರು, ಅದು ಪ್ರತಿ ಮಾರ್ಚ್ ತಿಂಗಳಲ್ಲಿ ನಡೆಸಿಕೊಡುವ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳು, ಇವುಗಳ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಊರಿನ ಹೆಸರು ಡೇಟನ್. ಓಹಾಯೋ ರಾಜ್ಯದಲ್ಲಿದೆ. ವಿಮಾನ ಹಾರಿಸಿದ ರೈಟ್ ಸಹೋದರರು ಸೈಕಲ್ ಅಂಗಡಿ ಇಟ್ಟುಕೊಂಡಿದ್ದು ಇಲ್ಲಿಯೇ. ಅಂಗಡಿಯಲ್ಲಿ ದುಡ್ಡಿನ ಲೆಕ್ಕ ಇಡುವ ಕ್ಯಾಶ್ ರಿಜಿಸ್ಟರ್ ಹುಟ್ಟಿದ್ದೂ ಇಲ್ಲಿಯೇ, 1879ರಲ್ಲಿ. 1960ರಲ್ಲಿ ಈ ಊರಿನ ಜನಸಂಖ್ಯೆ 2 ಲಕ್ಷ 62 ಸಾವಿರ. 2020ರ ಜನಗಣತಿಯಲ್ಲಿ 1 ಲಕ್ಷ 37 ಸಾವಿರ. ಅಂದರೆ ಅರವತ್ತು ವರ್ಷಗಳಲ್ಲಿ ಹತ್ತಿರಹತ್ತಿರ ಅರ್ಧ ಊರು ಖಾಲಿಯಾಯಿತು. ಈಗ ಹೆಚ್ಚುಕಡಿಮೆ ನಮ್ಮ ಮಂಡ್ಯದಷ್ಟು ಜನ ಇದ್ದಾರೆ. 2008ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು, ಪಕ್ಕದ ಮೊರೇನ್‌ನಲ್ಲಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆ ಮುಚ್ಚಿತು. ಮರುವರ್ಷ ಆ ಕ್ಯಾಶ್ ರಿಜಿಸ್ಟರ್ ಕಂಪನಿಯೂ ತನ್ನ ಮುಖ್ಯ ಕಚೇರಿಯನ್ನು ಜಾರ್ಜಿಯಾ ರಾಜ್ಯಕ್ಕೆ ಒಯ್ಯುವುದಾಗಿ ಹೇಳಿತು. ಬಾಗಿಲು ಹಾಕಿದ ಅಂಗಡಿಗಳ ಸಾಲನ್ನು ಆ ಊರಿನಲ್ಲಿ ನಾನೇ ನೋಡಿದ್ದೇನೆ.

ಇಂಥ ಊರಿಗೆ ಪ್ರತಿ ಮಾರ್ಚ್‌ನಲ್ಲಿ ಇಡೀ ಅಮೆರಿಕ ತಿರುಗಿ ನೋಡುತ್ತದೆ. ಅಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದ ಹಾಗೆ. 1939ರಲ್ಲಿ 8 ತಂಡಗಳಿಂದ ಆರಂಭವಾದ ರಾಷ್ಟ್ರೀಯ ಪಂದ್ಯಾವಳಿ 1985ರಲ್ಲಿ 64 ತಂಡಕ್ಕೆ ಬೆಳೆಯಿತು. 2001ರಲ್ಲಿ ಒಂದು ತಂಡ ಹೆಚ್ಚಾದಾಗ, ಕೊನೆಯ ಇಬ್ಬರಲ್ಲಿ ಯಾರು ಒಳಗೆ ಎಂದು ತೀರ್ಮಾನಿಸಲು ಒಂದು ಪಂದ್ಯ ಬೇಕಾಯಿತು. ಅದನ್ನು ಡೇಟನ್ ನಡೆಸಿಕೊಟ್ಟಿತು. 2011ರಲ್ಲಿ ತಂಡಗಳು 68 ಆದವು. ಆಗಿನಿಂದ ಡೇಟನ್‌ನಲ್ಲಿ ಮಂಗಳವಾರ ಮತ್ತು ಬುಧವಾರ ಎರಡು ಸಂಜೆ, ನಾಲ್ಕು ಪಂದ್ಯ, ಎಂಟು ತಂಡ. ಇದಕ್ಕೆ 'ಫಸ್ಟ್ ಫೋರ್' ಎನ್ನುತ್ತಾರೆ.

ಒಂದು ವಿಷಯ ಗಮನಿಸಿ. ಇಲ್ಲಿಗೆ ಬರುವವು ಹೆಚ್ಚಾಗಿ ದೊಡ್ಡ ಹೆಸರಿನ ತಂಡಗಳಲ್ಲ. ಎಂಟರಲ್ಲಿ ನಾಲ್ಕು, ತಮ್ಮ ಸಣ್ಣ ವಲಯದಿಂದ ಆಯ್ಕೆಯಾಗಿ ಬಂದರೂ ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತವು. ಇನ್ನು ನಾಲ್ಕು, ಆಯ್ಕೆ ಸಮಿತಿ ಕೊನೆಯದಾಗಿ ಸೇರಿಸಿಕೊಂಡವು. ಗೆದ್ದವರು ಅದೇ ರಾತ್ರಿಯೋ ಮಾರನೆಯ ದಿನವೋ ಬೇರೆ ಊರಿಗೆ ಹೊರಡಬೇಕು, ಸೋತವರು ಮನೆಗೆ. ಫೈನಲ್ ಯಾವುದೋ ದೊಡ್ಡ ನಗರದಲ್ಲಿ ನಡೆಯುತ್ತದೆ. ಡೇಟನ್‌ಗೆ ಉಳಿಯುವುದು ಮೊದಲ ಎರಡು ದಿನ ಮಾತ್ರ.

ಆದರೂ ಆ ಊರಿನ ಜನ ಕ್ರೀಡಾಂಗಣ ತುಂಬಿಸುತ್ತಾರೆ. ಅದು ಡೇಟನ್ ವಿಶ್ವವಿದ್ಯಾಲಯದ್ದು, 1969ರಲ್ಲಿ ಕಟ್ಟಿದ್ದು, ಸುಮಾರು 13,400 ಜನ ಕೂರಬಹುದು. ಪುರುಷರ ಈ ಪಂದ್ಯಾವಳಿಯ ಅತಿ ಹೆಚ್ಚು ಪಂದ್ಯಗಳು ನಡೆದ ಕ್ರೀಡಾಂಗಣ ನ್ಯೂಯಾರ್ಕ್‌ನಲ್ಲಿಲ್ಲ, ಲಾಸ್ ಏಂಜಲೀಸ್‌ನಲ್ಲಿಲ್ಲ. ಈ ಡೇಟನ್‌ನಲ್ಲಿದೆ.

ಹೇಗೆ ನಡೆಸುತ್ತಾರೆ ಎಂದು ಕೇಳಿ. ಯಾವ ತಂಡ ಬರುತ್ತದೆ ಎಂದು ಗೊತ್ತಾಗುವುದೇ ಭಾನುವಾರ ಸಂಜೆ. ಮಂಗಳವಾರ ಸಂಜೆಗೆ ಆಟ. ನಡುವೆ ತಂಡಗಳನ್ನು ಕರೆತರಬೇಕು, ಉಳಿಸಬೇಕು, ಊಟ, ಬಸ್ಸು, ಅಭ್ಯಾಸ ಎಲ್ಲವೂ ಆಗಬೇಕು. ಅದಕ್ಕೆಂದೇ ಊರಿನಲ್ಲಿ ಒಂದು ಸಮಿತಿ ಇದೆ. ವ್ಯಾಪಾರಿಗಳು, ಸಂಸ್ಥೆಗಳು ಕೊಟ್ಟ ಹಣದಲ್ಲಿ ಈ ಸಮಿತಿ ಟಿಕೆಟ್ ಕೊಂಡು, ಹತ್ತಿರದ ವಾಯುನೆಲೆಯ ಸೈನಿಕರಿಗೂ ಅವರ ಮನೆಯವರಿಗೂ ಶಾಲೆಯ ಮಕ್ಕಳಿಗೂ ಹಂಚುತ್ತದೆ. ಟಿಕೆಟ್ ಕೊಳ್ಳಲಾಗದವರು ಹೊರಗೆ ನಿಲ್ಲಬಾರದು, ಆಡುವವರು ಖಾಲಿ ಕುರ್ಚಿಗಳ ಮುಂದೆ ಆಡಬಾರದು. ಒಂದೇ ಏರ್ಪಾಡಿನಲ್ಲಿ ಎರಡು ಕೆಲಸ.

ನನ್ನ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಮೊದಲ ಸಲ ನನ್ನನ್ನು ಪಂದ್ಯಕ್ಕೆ ಕರೆದುಕೊಂಡು ಹೋದವರು ಅವರೇ. ಅಂದು ಆಡುತ್ತಿದ್ದ ಎರಡು ಕಾಲೇಜುಗಳೂ ಎಲ್ಲಿವೆ ಎಂದು ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. "ನೀವು ಯಾರ ಕಡೆ?" ಎಂದು ಕೇಳಿದೆ. "ಯಾರು ಹಿಂದಿದ್ದಾರೋ ಅವರ ಕಡೆ" ಎಂದರು. ಸುತ್ತ ನೋಡಿದರೆ ಇಡೀ ಗ್ಯಾಲರಿ ಹಾಗೆಯೇ ಇತ್ತು. ಹಿಂದಿದ್ದವರು ಎರಡು ಅಂಕ ಗಳಿಸಿದರೆ ಸಾವಿರಾರು ಜನ ಎದ್ದು ನಿಲ್ಲುತ್ತಿದ್ದರು.

ಈ ಚಪ್ಪಾಳೆಯಿಂದ ಏನಾಗುತ್ತದೆ? 2011ರಲ್ಲಿ ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ತಂಡವನ್ನು ಆಯ್ಕೆ ಮಾಡಿದ್ದೇ ತಪ್ಪು ಎಂದು ಟಿವಿಯಲ್ಲಿ ಪಂಡಿತರು ಹೇಳಿದರು. ಆ ತಂಡ ಡೇಟನ್‌ನಲ್ಲಿ ಗೆದ್ದು ಹೊರಟು ಸೆಮಿಫೈನಲ್‌ವರೆಗೆ ಹೋಯಿತು. 2023ರಲ್ಲಿ ನ್ಯೂಜೆರ್ಸಿಯ ಫೇರ್‌ಲೀ ಡಿಕಿನ್ಸನ್ ಎಂಬ ಸಣ್ಣ ಕಾಲೇಜಿನ ಹುಡುಗರು ಬುಧವಾರ ಡೇಟನ್‌ನಲ್ಲಿ ಟೆಕ್ಸಸ್ ಸದರ್ನ್ ತಂಡವನ್ನು 84-61ರಿಂದ ಸೋಲಿಸಿದರು. ದೇಶದಲ್ಲೇ ಗಿಡ್ಡ ತಂಡ ಅವರದು. ಶುಕ್ರವಾರ ಕೊಲಂಬಸ್ ನಗರದಲ್ಲಿ ಎದುರಾಳಿ ಪರ್ಡ್ಯೂ. ಅದರಲ್ಲಿ 7 ಅಡಿ 4 ಅಂಗುಲದ ಆಟಗಾರನಿದ್ದ. 63-58, ಗಿಡ್ಡರೇ ಗೆದ್ದರು! ಕೊನೆಯ ಶ್ರೇಯಾಂಕದ ತಂಡವೊಂದು ಪುರುಷರ ಪಂದ್ಯಾವಳಿಯಲ್ಲಿ ಮೊದಲ ಶ್ರೇಯಾಂಕದ ತಂಡವನ್ನು ಮಣಿಸಿದ್ದು ಅದು ಎರಡನೆಯ ಸಲ ಮಾತ್ರ. ಗೆಲುವು ಆ ಹುಡುಗರದು, ಡೇಟನ್‌ನದಲ್ಲ. ಆದರೆ ಅವರು ಹೊರಟಿದ್ದು ಸಾವಿರಾರು ಅಪರಿಚಿತರ ಚಪ್ಪಾಳೆ ಕೇಳಿಕೊಂಡು.

ಈ ಆಟದಿಂದ ಡೇಟನ್‌ನ ಕಷ್ಟ ತೀರಿತು ಎಂದು ನಾನು ಹೇಳುವುದಿಲ್ಲ. ಎರಡು ದಿನ ಹೋಟೆಲುಗಳು ತುಂಬುತ್ತವೆ, ಅಷ್ಟೇ. ಹೋದ ಕಾರ್ಖಾನೆ ಬ್ಯಾಸ್ಕೆಟ್‌ಬಾಲಿನಿಂದ ವಾಪಸ್ ಬರಲಿಲ್ಲ. 2019ರ ಮೇ 27ರ ರಾತ್ರಿ ಸುಂಟರಗಾಳಿ ಮನೆಗಳನ್ನು ಕಿತ್ತು ಹಾಕಿತು. ಆಗಸ್ಟ್ 4ರಂದು ಒಬ್ಬ ಬಂದೂಕು ಹಿಡಿದು ಬಂದು 9 ಜನರನ್ನು ಕೊಂದ. ಮರುವರ್ಷ ಊರಿನದೇ ವಿಶ್ವವಿದ್ಯಾಲಯದ ತಂಡ 29 ಪಂದ್ಯ ಗೆದ್ದು ಎರಡರಲ್ಲಿ ಮಾತ್ರ ಸೋತಿತ್ತು. ಊರು ಕಾಯುತ್ತಿದ್ದ ಮಾರ್ಚ್‌ನಲ್ಲಿ ಕೊರೋನಾ ಬಂತು, ಪಂದ್ಯಾವಳಿಯೇ ರದ್ದಾಯಿತು. 2021ರಲ್ಲಿ ಎಲ್ಲ ಪಂದ್ಯಗಳೂ ಇಂಡಿಯಾನಾ ರಾಜ್ಯಕ್ಕೆ ಹೋದವು. 2022ರಲ್ಲಿ ಫಸ್ಟ್ ಫೋರ್ ಡೇಟನ್‌ಗೆ ಮರಳಿದಾಗ ಪಕ್ಕದ ಮನೆಯ ಅಜ್ಜ ಮತ್ತೆ ಟಿಕೆಟ್ ತಂದರು. ಯಾರು ಆಡುತ್ತಾರೆ ಎಂದು ತಿಳಿಯುವುದಕ್ಕೂ ಮುಂಚೆಯೇ! ತಾನು ಕಳೆದುಕೊಂಡಿದ್ದರ ಲೆಕ್ಕ ಮುಗಿಯುವವರೆಗೆ ಕಾಯದೆ, ಬಂದವರನ್ನು ಚೆನ್ನಾಗಿ ನೋಡಿಕೊಂಡ ಊರು ಅದು.

ಈಗ ನಮ್ಮ ಮಾತಿಗೆ ಬರೋಣ. ಸೌಕರ್ಯ ಇಲ್ಲ ಎನ್ನುವವರಿಗೆ ಒಂದು ಮಾತು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಬ್ಬ ಪಿ.ಟಿ. ಮೇಷ್ಟ್ರ ತಲೆಯಲ್ಲಿ. 1891ರ ಡಿಸೆಂಬರ್ ಚಳಿಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಹುಡುಗರನ್ನು ಒಳಗೇ ಆಡಿಸಬೇಕಾಗಿತ್ತು. ಎರಡು ಪೆಟ್ಟಿಗೆ ಬೇಕು ಎಂದು ಜವಾನನನ್ನು ಕೇಳಿದರು. ಪೆಟ್ಟಿಗೆ ಇರಲಿಲ್ಲ, ಹಣ್ಣಿನ ಬುಟ್ಟಿ ಇತ್ತು. ಅದನ್ನೇ ಹೊಡೆದು ನಿಲ್ಲಿಸಿ ಆಟ ಶುರು ಮಾಡಿದರು. ನಮ್ಮ ಹತ್ತಿರ ಬುಟ್ಟಿಗಿಂತ ಹೆಚ್ಚೇ ಇದೆ. ಮೈದಾನ ಇದೆ, ಬೋರ್‌ವೆಲ್ ಇದೆ, ಬಿಸಿಯೂಟದ ಅಡುಗೆಮನೆ ಇದೆ, ದುಡಿಯುವ ಕೈ ಇದೆ.

ಹೋಬಳಿ ಕ್ರೀಡಾಕೂಟದಲ್ಲಿ ಏನಾಗುತ್ತದೆ ಎಂದು ಇಲ್ಲಿರುವ ಮೇಷ್ಟ್ರುಗಳಿಗೆಲ್ಲ ಗೊತ್ತು. ಬೆಳಿಗ್ಗೆ ಹತ್ತು ಗಂಟೆಗೆ ಮೊದಲ ಕಬಡ್ಡಿ ಪಂದ್ಯ ಸೋತ ಸಣ್ಣ ಶಾಲೆಯ ಮಕ್ಕಳು ಸಂಜೆ ಬಸ್ಸಿನವರೆಗೂ ಮರದ ಕೆಳಗೆ ಕೂತಿರುತ್ತಾರೆ. ನಾವೂ ಹಾಗೆ ಕೂತವರೇ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ಬಟ್ಟೆ ಬದಲಿಸಲು ಜಾಗವಿಲ್ಲ, ನೋಡಲು ಮನೆಯವರಿಲ್ಲ, ಸುತ್ತ ನಿಂತವರು ಚಪ್ಪಾಳೆ ಬಿಟ್ಟು ನಗುತ್ತಾರೆ. ಎಂಟನೇ ತರಗತಿಯಲ್ಲಿ ಹುಲಿಯ ಹಾಗೆ ಆಡಿದ ಹುಡುಗಿ ಹತ್ತನೇ ತರಗತಿಗೆ ಬರುವಷ್ಟರಲ್ಲಿ ಮೈದಾನಕ್ಕೆ ಇಳಿಯುವುದನ್ನೇ ಬಿಡುವುದು ಸುಮ್ಮನೆ ಅಲ್ಲ.

ಆದ್ದರಿಂದ ಸಮಿತಿಯವರಲ್ಲಿ ನನ್ನ ಬೇಡಿಕೆ ಇಷ್ಟು. ಕ್ರೀಡಾಕೂಟಕ್ಕೆ ಒಪ್ಪಿಕೊಳ್ಳಿ. ಸುಣ್ಣದ ಗೆರೆ ಎಳೆಯುವುದನ್ನು ಮೇಷ್ಟ್ರುಗಳು ನೋಡಿಕೊಳ್ಳುತ್ತಾರೆ. ಉಳಿದದ್ದನ್ನು ಊರು ನೋಡಿಕೊಳ್ಳಲಿ. ಸೋತ ತಂಡಕ್ಕೂ ಗೆದ್ದ ತಂಡಕ್ಕೂ ಒಂದೇ ಪಂಕ್ತಿಯಲ್ಲಿ ಊಟ ಆಗಲಿ. ಹೆಣ್ಣುಮಕ್ಕಳಿಗೆ ಬಾಗಿಲು, ಚಿಲಕ, ನೀರು ಇರುವ ಒಂದು ಕೋಣೆ ಬಿಟ್ಟುಕೊಡಿ. ಆ ಎರಡು ದಿನ ಮನೆಗೊಬ್ಬರಂತೆ ಮೈದಾನಕ್ಕೆ ಬನ್ನಿ. ತಾಯಂದಿರೇ, ನೀವು ಮುಖ್ಯವಾಗಿ ಬನ್ನಿ. ನಮ್ಮ ಶಾಲೆಯ ಆಟ ಮುಗಿದ ಮೇಲೆ ಎದ್ದು ಹೋಗಬೇಡಿ. ಎದುರಿಗೆ ಆಡುತ್ತಿರುವ ಮಗುವಿನ ಊರು ಯಾವುದು ಎಂದು ಗೊತ್ತಿಲ್ಲದಿದ್ದರೂ ಚಪ್ಪಾಳೆ ತಟ್ಟಿ.

ನಮ್ಮ ಬ್ಯಾಚಿನ ಗೆಳೆಯ ಗೆಳತಿಯರು ನಿನ್ನೆ ರಾತ್ರಿ ಕೂತು ಮಾತಾಡಿಕೊಂಡಿದ್ದೇವೆ. ವಾಲಿಬಾಲ್ ಕಂಬ, ನೆಟ್ಟು, ಎರಡು ದಿನದ ಶಾಮಿಯಾನ ಮತ್ತು ಆ ಕೋಣೆಯ ದುರಸ್ತಿಯ ಖರ್ಚು ನಮ್ಮದು. ಈ ಶಾಲೆ ನಮಗೆ ಕೊಟ್ಟಿದ್ದಕ್ಕೆ ಹೋಲಿಸಿದರೆ ಇದು ದೊಡ್ಡದೇನಲ್ಲ. ಸಮಿತಿಯವರು ಇವತ್ತು ಸಂಜೆಯೊಳಗೆ ಒಂದು ಮಾತು ಹೇಳಿದರೆ ನಾಳೆಯೇ ಅಳತೆ ತೆಗೆಸುತ್ತೇವೆ.