ಕಪ್ ಉಳಿಯಿತು, ದೋಣಿ ಉಳಿಯಲಿಲ್ಲ

ಅಮೆರಿಕಾಸ್ ಕಪ್ ಅನ್ನೋ ಹೆಸರು ಕೇಳಿರ್ತೀರಿ. ಹಾಯಿದೋಣಿ ರೇಸಿನಲ್ಲಿ ಅದಕ್ಕಿಂತ ದೊಡ್ಡ ಹೆಸರಿಲ್ಲ. ಅದು ದೇಶದ ಹೆಸರು ಅಂತ ನಾನೂ ಬಹಳ ದಿನ ಅಂದುಕೊಂಡಿದ್ದೆ. ಅಲ್ಲ ಸ್ವಾಮಿ, ಅದು ಒಂದು ದೋಣಿಯ ಹೆಸರು.

1851ನೇ ಇಸವಿ. ಸಮುದ್ರ ಅಂದ್ರೆ ನಮ್ಮದೇ ಅಂತ ಬ್ರಿಟನ್ ಬೀಗುತ್ತಿದ್ದ ಕಾಲ. ನ್ಯೂಯಾರ್ಕಿನ ಕೆಲವು ಶ್ರೀಮಂತರು ಜಾರ್ಜ್ ಸ್ಟೀರ್ಸ್ ಎಂಬಾತನ ವಿನ್ಯಾಸದಲ್ಲಿ 'ಅಮೆರಿಕ' ಎಂಬ ದೋಣಿ ಕಟ್ಟಿಸಿ, ಅಟ್ಲಾಂಟಿಕ್ ದಾಟಿಸಿ ತಂದರು. ಆಗಸ್ಟ್ 22ರಂದು ವೈಟ್ ದ್ವೀಪದ ಸುತ್ತ ರೇಸು. ಬ್ರಿಟಿಷರ ಹತ್ತಕ್ಕೂ ಹೆಚ್ಚು ದೋಣಿಗಳ ಎದುರು ಒಂಟಿ ದೋಣಿ. ಗೆದ್ದದ್ದು ಅದೇ! ಎರಡನೆಯವರು ಯಾರು ಅಂತ ವಿಕ್ಟೋರಿಯಾ ರಾಣಿ ಕೇಳಿದರಂತೆ. ಎರಡನೆಯವರೇ ಇಲ್ಲ ಅಂತ ಉತ್ತರ ಬಂತಂತೆ. ಇದು ಕಥೆ. ನಿಜಕ್ಕೆ 'ಅರೋರಾ' ಎಂಬ ದೋಣಿ ಹಿಂದೆಯೇ ಬರುತ್ತಿತ್ತು.

ಆಮೇಲೇನಾಯ್ತು ನೋಡಿ. ಗೆದ್ದ ಕೆಲವೇ ದಿನಕ್ಕೆ ದೋಣಿಯನ್ನು ಅಲ್ಲೇ ಮಾರಿಬಿಟ್ಟರು. ಬೆಳ್ಳಿ ಕಪ್ ಮಾತ್ರ ಊರಿಗೆ ಬಂತು. 1857ರಲ್ಲಿ ಅದನ್ನು ನ್ಯೂಯಾರ್ಕ್ ಯಾಟ್ ಕ್ಲಬ್‌ಗೆ ಒಪ್ಪಿಸಿದರು.

ದೋಣಿ ಕೈಯಿಂದ ಕೈಗೆ ಹೋಯಿತು. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಪಾಲಾಯಿತು. 1862ರಲ್ಲಿ ಅವರೇ ಅದನ್ನು ಫ್ಲಾರಿಡಾದಲ್ಲಿ ಮುಳುಗಿಸಿದರು. ಉತ್ತರದ ನೌಕಾಪಡೆ ಮೇಲೆತ್ತಿ ದುಡಿಸಿಕೊಂಡಿತು. 1870ರಲ್ಲಿ ತನ್ನದೇ ಹೆಸರಿನ ಕಪ್‌ಗಾಗಿ ಓಡಿ ನಾಲ್ಕನೆಯದಾಗಿ ಬಂತು. 1921ರಲ್ಲಿ ಅನಾಪೊಲಿಸ್‌ನ ನೌಕಾ ಅಕಾಡೆಮಿ ಸೇರಿತು. ಆರೈಕೆ ಇಲ್ಲದೆ ಮರ ಕೊಳೆಯಿತು. 1942ರ ಮಾರ್ಚ್‌ನಲ್ಲಿ ಹಿಮದ ಭಾರಕ್ಕೆ ಶೆಡ್ಡು ಅದರ ಮೇಲೇ ಕುಸಿಯಿತು. 1945ರಲ್ಲಿ ಉಳಿದದ್ದನ್ನೂ ಗುಜರಿ ಮಾಡಿದರು.

ಕಪ್? ಅದು 132 ವರ್ಷ ಅಮೆರಿಕದಲ್ಲೇ ಭದ್ರವಾಗಿತ್ತು. 1983ರಲ್ಲಿ 'ಆಸ್ಟ್ರೇಲಿಯಾ 2' 4-3ರಿಂದ ಗೆದ್ದು ಒಯ್ದಾಗ ಜಗತ್ತಿಗೆಲ್ಲ ಸುದ್ದಿಯಾಯಿತು. ದೋಣಿ ಹೋದದ್ದು ಎಷ್ಟು ಜನಕ್ಕೆ ಗೊತ್ತು?

ಅವರನ್ನು ಅನ್ನೋಕೆ ನನಗೆ ಬಾಯಿಲ್ಲ. ಈ ಕುರ್ಚಿಯಲ್ಲಿ ಕೂತು ನಾನು ಮಾಡೋದೂ ಅದೇ. ಗೆದ್ದ ದಿನ ಬ್ರೇಕಿಂಗ್ ನ್ಯೂಸ್, ಕಪ್ ಎತ್ತಿದ ಕೈಗೆ ಕ್ಯಾಮೆರಾ. ಹೀಗೆ ಸ್ಟುಡಿಯೋಗೆ ಕರೆದು ಹಾರ ಹಾಕಿದ ಎಷ್ಟೋ ಆಟಗಾರರಿದ್ದಾರೆ. ಮಂಡಿ ಮುರಿದ ಮೇಲೆ, ವಯಸ್ಸಾದ ಮೇಲೆ, ಹೇಗಿದ್ದೀರಿ ಅಂತ ಎಷ್ಟು ಜನಕ್ಕೆ ಫೋನ್ ಮಾಡಿದ್ದೇನೆ? ಬೆರಳೆಣಿಕೆ. ಕಪ್ಪಿಗೆ ಬೀರು ಮಾಡಿಸ್ತೀವಿ. ಗೆದ್ದುಕೊಟ್ಟವರ ತಲೆ ಮೇಲಿನ ಸೂರು ಸೋರ್ತಿದೆಯಾ ಅಂತ ಒಮ್ಮೆ ನೋಡೋಣ.