ಬೇಡವಾದ ಮೀಟರು, ಬೆಳೆಯುವ ಬಾಕಿ

(ಗೊರೇಬಾಳದ ರೈತರ ಮುಂದೆ ಆಡಿದ ಮಾತು)



ಸೊಸೈಟಿ ಸಾಲ, ಗೊಬ್ಬರದಂಗಡಿ ಉದ್ರಿ, ಭತ್ತದ ಬೆಲೆ, ಇವುಗಳ ಮಾತು ದಿನಾ ಆಡ್ತೀವಿ. ಇವತ್ತು ಗೋಡೆ ಮೇಲೆ ಸುಮ್ಮನೆ ಕುಂತು ಬೆಳೆಯುವ ಇನ್ನೊಂದು ಸಾಲದ ಮಾತು ಹೇಳ್ತೀನಿ. ಅದು ಯಾರೂ ಬಳಸದ ಮನೆಯ ಕರೆಂಟಿನ ಮೀಟರು.

ಅಣ್ಣತಮ್ಮಂದಿರು ಬೇರೆಯಾಗ್ತಾರೆ. ಹೊಸ ಮನೆಗೆ ಹೊಸ ಮೀಟರು, ಹಳೇ ಮನೆಗೆ ಬೀಗ. ಅಲ್ಲಿಯ ಮೀಟರು ತೀರಿಹೋದ ಅಜ್ಜನ ಹೆಸರಿನಲ್ಲೇ ಇರ್ತದೆ. "ಕರೆಂಟೇ ಸುಟ್ಟಿಲ್ಲ, ಬಿಲ್ಲೆಲ್ಲಿಂದ ಬರ್ತದ?" ಅಂತ ಸುಮ್ಮನಿರ್ತೀವಿ. ತಪ್ಪುವುದೇ ಇಲ್ಲಿ. ಮೀಟರು ಬರೇ ಡಬ್ಬಿಯಲ್ಲ, ಅದೊಂದು ಕರಾರು. ಒಂದು ಯೂನಿಟ್ ಬಳಸದಿದ್ದರೂ ಮಂಜೂರಾದ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳ ನಿಗದಿತ ಶುಲ್ಕ ಬೀಳ್ತದೆ. ಕಟ್ಟದಿದ್ದರೆ ಅದಕ್ಕೆ ಬಡ್ಡಿ.

"ಗೃಹಜ್ಯೋತಿ ಐತಲ್ಲ" ಅನ್ನಬಹುದು. 2023ರಲ್ಲಿ ಬಂದ ಆ ಯೋಜನೆ ಒಬ್ಬ ಗ್ರಾಹಕನಿಗೆ ಒಂದೇ ಮೀಟರಿಗೆ. ಎರಡನೆಯದು ನಮ್ಮ ತಲೆ ಮೇಲೇ.

ಹಾಗಾದರೆ ಮಾಡಬೇಕಾದ್ದೇನು? ನಾವಿನ್ನೂ ಕೆ.ಇ.ಬಿ. ಅಂತೀವಿ, 2002ರಿಂದ ನಮ್ಮ ಭಾಗಕ್ಕೆ ಜೆಸ್ಕಾಂ. ಆ ಕಚೇರಿಗೆ ಆರ್.ಆರ್. ನಂಬರ್ ಬರೆದು ಅರ್ಜಿ ಕೊಡಿ: ಈ ಸಂಪರ್ಕ ಬೇಡ, ಕೊನೆಯ ರೀಡಿಂಗ್ ತೆಗೆದು ಲೆಕ್ಕ ಮುಗಿಸಿ, ಠೇವಣಿ ವಾಪಸ್ ಕೊಡಿ. ಅಜ್ಜನ ಹೆಸರಿದ್ದರೆ ಮರಣ ಪತ್ರ, ವಾರಸುದಾರರ ಕಾಗದ ಜೋಡಿಸಿ. ಪ್ರತಿಯ ಮೇಲೆ ಸಹಿ, ಮೊಹರು, ತಾರೀಖು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಲೈನ್‌ಮನ್‌ಗೆ ಬಾಯಲ್ಲಿ ಹೇಳಿದ್ದಾಗಲಿ, ಫ್ಯೂಸ್ ಕಿತ್ತಿಟ್ಟದ್ದಾಗಲಿ ಲೆಕ್ಕಕ್ಕಿಲ್ಲ.

ಬಿಲ್ಲಿನಲ್ಲಿ ತಕರಾರಿದ್ದರೆ ಹೆದರಬೇಡಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಓದಿಸಿ ಕೇಳಿ. ಬಾಕಿಗಾಗಿ ಲೈನ್ ಕಡಿಯಬೇಕಾದರೆ 15 ದಿನಗಳ ಲಿಖಿತ ನೋಟೀಸು ಕೊಡಬೇಕು. ಕೇಳಿದ ಹಣ, ಇಲ್ಲವೇ ಹಿಂದಿನ 6 ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು "ತಕರಾರು ಸಹಿತ" ಎಂದು ಬರೆದು ಕಟ್ಟಿದರೆ, ತಕರಾರು ತೀರುವತನಕ ಕಡಿಯುವಂತಿಲ್ಲ. ಬಿಲ್ಲಿನಲ್ಲಿ ಸತತವಾಗಿ ತೋರಿಸದ ಬಾಕಿಗೆ 2 ವರ್ಷ ದಾಟಿದ ಮೇಲೂ ಕಡಿಯುವಂತಿಲ್ಲ. ಆದರೆ ತಿಂಗಳು ತಿಂಗಳು ತೋರಿಸುತ್ತಾ ಬಂದಿದ್ದರೆ ಈ ರಕ್ಷಣೆ ಸಿಗದು. ಅದಕ್ಕೇ ಬಿಲ್ಲನ್ನು ಸೂರಿಗೆ ಸಿಗಿಸಿ ಮರೆಯಬೇಡಿ, ಓದಿಸಿ. ಕಚೇರಿ ಕಿವಿಗೊಡದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಐತಿ. ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ.

ಹಳೇ ಮನೆ ಕೊಳ್ಳುವವರಿಗೆ ಒಂದು ಮಾತು. ಹಿಂದಿನವರ ಕರೆಂಟು ಬಾಕಿಯನ್ನು, ಸರಬರಾಜಿನ ನಿಯಮಗಳಲ್ಲಿ ಅವಕಾಶವಿದ್ದರೆ, ಹೊಸ ಮಾಲೀಕನಿಂದ ಕೇಳಬಹುದೆಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಬಾಕಿ ಇಲ್ಲವೆಂಬ ಕಾಗದ ನೋಡದೆ ರುಜು ಹಾಕಬೇಡಿ.

ಬಾಂಧವರೇ, ಸುಟ್ಟ ಕರೆಂಟಿನ ದುಡ್ಡು ಕೊಡೋಣ. ಬೇಡವಾದ ಕರಾರನ್ನು ಕಾಗದದ ಮೇಲೆ ಮುರಿಯೋಣ. ಮಕ್ಕಳಿಗೆ ಹೊಲ ಬಿಟ್ಟು ಹೋಗೋಣ, ಬಾಕಿ ಬಿಟ್ಟು ಹೋಗೋದು ಬೇಡ.